ನನ್ನ ಗಂಟಲು ಮತ್ತು ಕಲ್ಲುಸಕ್ಕರೆ ಡಬ್ಬಿ

ಹಳೆಯ ವ್ಯಾನಿಟಿ ಬ್ಯಾಗನ್ನು ಒಗೆಯಲು ಹಾಕೋಣವೆಂದು ತಲೆಕೆಳಗು ಮಾಡಿ ಕೊಡವಿದೆ. ಬಸ್ ಟಿಕೆಟ್ಟು, ಹೇರ್‌ಪಿನ್ನು, ಯಾವುದೋ ಮದುವೆಯಲ್ಲಿ ಕೊಟ್ಟು ಒಣಗಿಹೋದ ಎಲೆ ಅಡಿಕೆ, ಕೊನೆಗೆ ಠಣ್ಣೆಂದು ಒಂದು ಡಬ್ಬಿ ಬಿತ್ತು. ಹುಟ್ಟಿನಲ್ಲಿ ಅದು ಹಲ್ಲುಪುಡಿಯ ಡಬ್ಬಿ. ಮೇಲಿನ ಬಣ್ಣವೆಲ್ಲ ಹೋಗಿ ಬರೀ ತಗಡು ಉಳಿದಿದೆ. ಒಳಗೆ ಒಂದಷ್ಟು ಕಲ್ಲುಸಕ್ಕರೆ, ಅದಕ್ಕೆ ಮುತ್ತಿಕೊಂಡ ಇರುವೆ. ನೀವಾಗಿದ್ದರೆ ಎಸೆಯುತ್ತಿದ್ದಿರಿ. ನಾನು ಇರುವೆ ಊದಿ, ಸೆರಗಿನಿಂದ ಡಬ್ಬಿ ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ನನ್ನ ನೌಕರಿಯ ಅರ್ಧ ಕೆಲಸವನ್ನು ಈ ಡಬ್ಬಿಯೇ ಮಾಡಿದೆ. ಉಳಿದರ್ಧ ಮಾಡಿದ್ದು ನನ್ನ ಗಂಟಲು. ಆ ಗಂಟಲಿಗೆ ಈಚೆಗೆ ಬಂದ ಗತಿ ನೆನೆಸಿಕೊಂಡರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ. ಆದರೆ ನೆಟ್ಟಗೆ ಹೇಳುವುದು ನಮ್ಮ ವಂಶಕ್ಕೇ ಬಂದಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಹಾಲ್ಕುರಿಕೆಯಲ್ಲಿ. ನಮ್ಮ ಅಜ್ಜಿಯ ಮನೆಯಲ್ಲಿ 'ಇಲ್ಲ' ಎಂಬ ಮಾತಿಗೆ ಪ್ರವೇಶವಿರಲಿಲ್ಲ. ಉಪ್ಪು ಮುಗಿದರೆ 'ಉಪ್ಪು ತುಂಬ್ಯದೆ' ಎನ್ನಬೇಕು. ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನಬೇಕು. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅಂದರೆ ಬೆನ್ನಿಗೊಂದು ಗುದ್ದು, 'ಬತ್ತೀನಿ' ಎನ್ನಬೇಕು. ಸೂರಿನ ಮೇಲೆ ಅಸ್ತು ದೇವತೆಗಳು ಕೂತಿರುತ್ತಾರಂತೆ, ನಾವು 'ಇಲ್ಲ' ಅಂದರೆ ಅವರು 'ಅಸ್ತು' ಅಂದುಬಿಡುತ್ತಾರಂತೆ. ದೀಪ ಹಚ್ಚಿದ ಮೇಲೆ ಯಾರಾದರೂ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರೆ ಕೊಡುವ ಹಾಗಿಲ್ಲ, ಕೊಡುವುದಿಲ್ಲ ಎನ್ನುವ ಹಾಗೂ ಇಲ್ಲ. ಅಜ್ಜಿ ಅವರನ್ನು ಕೂರಿಸಿ, ಅಂಗೈಯಲ್ಲಿ ಒಂದು ಚೂರು ಕಲ್ಲುಸಕ್ಕರೆ ಇಟ್ಟು, "ಬೆಳಗ್ಗೆ ಬಾರವ್ವ" ಅನ್ನುತ್ತಿದ್ದಳು. ಬಂದವರು ಅದನ್ನು ಚೀಪುತ್ತಾ ಎದ್ದು ಹೋಗುತ್ತಿದ್ದರು. ಬೇಸರವಾದರೂ ಬಾಯಿ ಸಿಹಿಯಾಗಿರುತ್ತಿತ್ತು.

ಮಕ್ಕಳಿಗೂ ಅದೇ ಕಾನೂನು. ನಾನೂ ಪಕ್ಕದ ತೋಟದ ಗೌರಿಯೂ ಒಂದೇ ವಾರಿಗೆ. "ಅಜ್ಜೀ, ನಾವಿಬ್ರೂ ತುರುವೇಕೆರೆ ಅತ್ತೆ ಮನೆಗೆ ಹೋಗಾನಾ?" ಎಂದು ಕೇಳಿ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಅಜ್ಜಿ ಕಲ್ಲುಸಕ್ಕರೆ ಇಟ್ಟಿದ್ದ ಗೂಡಿನ ಕಡೆ ಕೈ ಚಾಚಿದರೆ ಮುಗಿಯಿತು, ಪ್ರಯಾಣ ರದ್ದು. ಗೌರಿ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೇ ಅಳುತ್ತಿದ್ದಳು. ಕಣ್ಣೀರು ಕೆನ್ನೆಯಿಂದಿಳಿದು ಬಾಯಿಗೆ ಹೋಗಿ, "ಉಪ್ಪೂ ಸಿಹೀನೂ ಆಗದೆ ಕಣೇ" ಎಂದು ಅಳು ಮರೆತು ನಗುತ್ತಿದ್ದಳು.

ನನ್ನ ಗಂಟಲಿನ ಕಥೆಯೂ ಅಲ್ಲಿಂದಲೇ ಶುರು. ತೋಟದ ಆ ತುದಿಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯುವ ಕೆಲಸ ನನ್ನದು. ಹಿತ್ತಿಲ ಬೇಲಿಯ ಬಳಿ ನಿಂತು ನಾನು ಕೂಗಿದರೆ ಅಪ್ಪನಿಗಿಂತ ಮೊದಲು ಪಕ್ಕದ ತೋಟದಿಂದ ಗೌರಿ "ಓ" ಎನ್ನುತ್ತಿದ್ದಳು. ಮುಸ್ಸಂಜೆಯಾದ ಮೇಲೆ ಮಾತ್ರ ಓಗೊಡುವುದಕ್ಕೆ ಅಜ್ಜಿಯ ತಡೆ. "ಒಂದ್ ಕರೆಗೇ ಓ ಅನ್ನಬ್ಯಾಡ್ರಿ. ಅದು ಗುರುತಿನೋರ ದನೀಲೇ ಕರೀತದೆ. ಮೂರು ಸಲ ಕರುದ್ರೆ ಮನುಸ್ರು" ಅನ್ನುತ್ತಿದ್ದಳು. 'ಅದು' ಎಂದರೆ ದೆವ್ವ. ಗುರುತಿನವರ ದನಿಯನ್ನು ಕದಿಯುವುದು ದೆವ್ವದ ಕೆಲಸವೆಂದು ನಂಬಿ ಬೆಳೆದ ನನಗೆ, ದನಿ ಕದಿಯುವವರು ಲ್ಯಾಪ್‌ಟಾಪು ಹಿಡಿದು, ಗುರುತಿನ ಚೀಟಿ ನೇತುಹಾಕಿಕೊಂಡು, ಕಾಫಿ ಕುಡಿದು ಹೋಗುತ್ತಾರೆಂದು ಯಾರು ಹೇಳಿದ್ದರು?

ತಿಪಟೂರಿನಲ್ಲಿ ತೆಂಗು ಬೆಳೆಗಾರರ ಒಂದು ಸಣ್ಣ ಸಂಘ. ಅಲ್ಲಿ ನಾನು ಗುಮಾಸ್ತೆ. ಸುತ್ತಲಿನ ಊರಿನವರು ಮೊದಲು ಚೀಲದಲ್ಲಿ ಮಾದರಿಗೆಂದು ಒಂದಷ್ಟು ಉಂಡೆ ಕೊಬ್ಬರಿ ತರುತ್ತಿದ್ದರು. ಹಿಂದಿನ ಕೋಣೆಯ ಕೆಲಸದವರು ಅದು ಒಣಗಿದೆಯೋ ಹಸಿಯೋ ಎಂದು ನೋಡಿ ನನಗೆ ಹೇಳುತ್ತಿದ್ದರು. ನಾನು ಮೈಕಿನಲ್ಲಿ ಹೆಸರು ಕೂಗಿ, ಕಿಟಕಿಗೆ ಬಂದವರಿಗೆ ಫಲಿತಾಂಶ ತಿಳಿಸಬೇಕು. ಕೊಬ್ಬರಿ ಪೇಟೆಯ ಗದ್ದಲದ ಮೇಲೆ ಹಾಯ್ದು ಹೋಗುತ್ತಿದ್ದ ನನ್ನ ಕೂಗಿನಿಂದಾಗಿ ನನ್ನ ಹೆಸರೇ ಮೈಕ್ ಸರೋಜಕ್ಕ ಎಂದಾಯಿತು. ಒಣಗಿದ್ದರೆ ಹೇಳುವುದು ಸುಲಭ. ಹಸಿಯಾಗಿದ್ದರೆ? ಒಂದು ವರ್ಷ ಅಟ್ಟದಲ್ಲಿಟ್ಟು, ಮಳೆಗಾಲದಲ್ಲಿ ಕೆಳಗೆ ಹೊಗೆ ಹಾಕಿ, ಮಗುವಿನ ಹಾಗೆ ಕಾದು ತಂದವರ ಮುಖಕ್ಕೆ 'ಇಲ್ಲ' ಎನ್ನುವುದೆಂದರೆ ನನ್ನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಅದಕ್ಕೇ ಡಬ್ಬಿ. ಕಿಟಕಿಯಿಂದ ಕೈ ಚಾಚಿ ಒಂದು ಹರಳು ಕೊಟ್ಟು, "ಇನ್ನೊಂದು ವಾರ ಹೊಗೆ ಹಾಕ್ಕೊಂಡು ತನ್ನಿ" ಅನ್ನುತ್ತಿದ್ದೆ. ಬರಬರುತ್ತಾ ಅಷ್ಟೂ ಬೇಕಾಗಲಿಲ್ಲ. ನನ್ನ ಕೈ ಡಬ್ಬಿಯ ಕಡೆ ಹೋದರೆ ಸಾಕು, ಸಾಲಿನಲ್ಲಿದ್ದವರೆಲ್ಲ "ಅಯ್ಯೋ, ಡಬ್ಬಿ ತಗುದ್ಲು ಕಣ್ಲಾ" ಎಂದು ನಕ್ಕು, ಆ ಮನುಷ್ಯನಿಗೆ ಬೆಂಚಿನಲ್ಲಿ ಜಾಗ ಮಾಡಿ, ಅಟ್ಟ ಸೋರುತ್ತದೆಯೋ ಹೊಗೆ ಸಾಲದೋ ಎಂದು ಪಂಚಾಯಿತಿ ಸೇರುತ್ತಿದ್ದರು. ಹೊಸದಾಗಿ ಬಂದ ಒಬ್ಬ ಅಧ್ಯಕ್ಷರು ಇದನ್ನು ನೋಡಿ, ಆಫೀಸೋ ಮಠವೋ ಎಂದು ಗೊಣಗಿದ್ದರು. ಆಮೇಲೆ ಅವರ ಕೊಬ್ಬರಿಯೇ ಹಸಿಯಾಗಿ, ಕೈ ನೀಡಿ ಹರಳು ತೆಗೆದುಕೊಂಡು ಹೋದರು.

ಮೊದಲ ಕಂಪ್ಯೂಟರು ಬಂದಾಗಿನ ಸಂಭ್ರಮ ಹೇಳಬೇಕು. ಅದಕ್ಕೊಂದು ಕೋಣೆ, ಕೋಣೆಗೆ ತಂಪು ಮಿಷನ್ನು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿಯಿರಲಿಲ್ಲ. ಆಯುಧಪೂಜೆಯಲ್ಲಿ ನಾನೇ ಅದರ ಹಣೆಗೆ ಕುಂಕುಮವಿಟ್ಟೆ, ಅದು ಜಾರಿ ಕೀಲಿಮಣೆಯ ಸಂದಿಗೆ ಬಿದ್ದು ಒಂದು ವಾರ ಮಿಷನ್ನು ಮೌನವ್ರತ ಹಿಡಿಯಿತು. ಆಗ ನಕ್ಕಿದ್ದೆವು. ಅದು ಯಾವಾಗ ಆ ಕೋಣೆಯಿಂದೆದ್ದು ನಮ್ಮ ಮೇಜುಗಳಿಗೆ ಬಂತೋ, ಯಾವಾಗ ಕಿಟಕಿಗೆ ಹಲಗೆ ಬಡಿದರೋ, ಯಾವಾಗ ಬೆಂಚು ಮಾಯವಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಕೊಬ್ಬರಿಯ ಮಾದರಿಯನ್ನು ಬಾಗಿಲಲ್ಲೇ ಇಳಿಸಿಕೊಂಡು, ಫಲಿತಾಂಶವನ್ನು ಫೋನಿಗೆ ಮೆಸೇಜು ಮಾಡುವ ವ್ಯವಸ್ಥೆ ಬಂತು. ಮೆಸೇಜು ಯಾರೂ ಓದಲಿಲ್ಲ. ಆಗ ನಮ್ಮ ಹೊಸ ಕಾರ್ಯದರ್ಶಿಗೆ ಹೊಳೆದದ್ದು ನನ್ನ ಗಂಟಲು.

"ಮೇಡಂ, ನೀವು ಹೇಳಿದ್ರೆ ಜನ ಕೇಳ್ತಾರೆ. ನಿಮ್ಮ ವಾಯ್ಸಲ್ಲೇ ಫೋನ್ ಹೋಗೋ ಹಂಗೆ ಮಾಡೋಣ" ಅಂದರು. ನಿವೃತ್ತಿ ಹತ್ತಿರವಿತ್ತು. ನನಗೆ ಎಷ್ಟು ಹಿಗ್ಗಾಯಿತೆಂದರೆ ಹೊಸ ಸೀರೆ ಉಟ್ಟುಕೊಂಡು ರೆಕಾರ್ಡಿಂಗಿಗೆ ಹೋದೆ, ದನಿಯಲ್ಲಿ ಸೀರೆ ಕಾಣುತ್ತದೆಯೋ ಏನೋ ಎನ್ನುವ ಹಾಗೆ! ಗದ್ದಲವಿಲ್ಲದ ಜಾಗ ಬೇಕೆಂದು ಊರೆಲ್ಲ ಹುಡುಕಿ, ಕೊನೆಗೆ ನಮ್ಮ ಗೋಡೌನಿನಲ್ಲೇ ಕೊಬ್ಬರಿ ಮೂಟೆಗಳ ನಡುವೆ ಕುರ್ಚಿ ಹಾಕಿದರು. ಫೋನಿನ ವ್ಯವಸ್ಥೆ ಮಾಡುವ ಕಂಪನಿಯ ಒಬ್ಬಳು ಹುಡುಗಿ ಯಾವುದೋ ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು, ಹಾಳೆ ಕೊಟ್ಟು ಓದಿಸಿದಳು. ಊರಿನ ಹೆಸರುಗಳು, ಅಂಕಿಗಳು, ತಲೆಬುಡವಿಲ್ಲದ ಒಂದಷ್ಟು ವಾಕ್ಯಗಳು. ಒಂದು ಹಾಳೆಯಲ್ಲಿ 'ಇಲ್ಲ. ಸಾಧ್ಯವಿಲ್ಲ. ತಿರಸ್ಕರಿಸಲಾಗಿದೆ' ಎಂದಿತ್ತು. ನಾನು ಅಲ್ಲಿಗೆ ಬಂದು ನಿಂತೆ.

"ಇದೊಂದು ಬ್ಯಾಡ ಕಣಮ್ಮ. ಕೊಬ್ಬರಿ ಮುಂದೆ ಕೂತ್ಕಂಡು ಹೆಂಗೆ ಅನ್ನೋದು?"

ಹುಡುಗಿ ನಕ್ಕಳು. "ಪರವಾಗಿಲ್ಲ ಆಂಟಿ, ಬಿಡಿ. ನೀವು ಹೇಳ್ದಿದ್ರೂ ಅದೇ ಹೇಳ್ಕೊಳ್ಳುತ್ತೆ."

ನನಗೆ ಅರ್ಥವಾಗಲಿಲ್ಲ. ಅವಳು ನಕ್ಕಳಲ್ಲ ಎಂದು ನಾನೂ ನಕ್ಕೆ. ಅದಾದ ಕೆಲವು ದಿನಕ್ಕೆ ಕೊಬ್ಬರಿ ಹಾರ ಹಾಕಿ, ಶಾಲು ಹೊದಿಸಿ ನನ್ನನ್ನು ಮನೆಗೆ ಕಳಿಸಿದರು. ಗಂಟಲು ಅಲ್ಲೇ ಉಳಿಯಿತು.

ಮೊದಲ ಗಾಬರಿ ನನ್ನ ಮನೆಯಲ್ಲೇ ಆಯಿತು. ನಮ್ಮ ತೋಟದ ಕೊಬ್ಬರಿ ತರುವ ಸರದಿ ಯಾವತ್ತೆಂದು ಕೇಳಲು ಸಂಘಕ್ಕೆ ಫೋನು ಮಾಡಿದೆ. "ನಮಸ್ಕಾರ, ಸಂಘಕ್ಕೆ ಸ್ವಾಗತ" ಎಂದು ನಾನೇ ಮಾತಾಡಿದೆ. ಸಂಸ್ಕಾರ ನೋಡಿ, ನನಗೆ ನಾನೇ "ನಮಸ್ಕಾರ" ಎಂದೆ. "ನಮ್ ಕೊಬ್ಬರಿ ಯಾವತ್ತು ತರಾನ?" ಎಂದು ಕೇಳಿದೆ. "ಕ್ಷಮಿಸಿ, ನೀವು ಹೇಳಿದ್ದು ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ" ಅಂದಿತು. ಜೋರಾಗಿ ಹೇಳಿದೆ. ಬಿಡಿಸಿ ಬಿಡಿಸಿ ಪುಸ್ತಕದ ಕನ್ನಡದಲ್ಲಿ ಹೇಳಿದೆ. ನನ್ನ ಮಾತು ನನ್ನ ದನಿಗೇ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು, "ಮದುವೆ ಆದಾಗಿಂದ ನಾನೂ ಅದನ್ನೇ ಹೇಳ್ತಿದ್ದೀನಿ ಕಣೇ. ಈಗ ನಿನಗೇ ಗೊತ್ತಾಯ್ತು, ಬುಡು" ಅಂದರು. ಅವರು ನಕ್ಕರು. ನಾನು ಫೋನನ್ನು ಮಗುಚಿ ಇಟ್ಟೆ.

ಎರಡನೆಯದು ಬಸ್ ಸ್ಟ್ಯಾಂಡಿನಲ್ಲಿ. ಹುಳಿಯಾರು ಕಡೆಯ ಹಟ್ಟಿಯ ಒಬ್ಬ ಕುರಿಯ ಯಜಮಾನ, ಗೊಬ್ಬರಕ್ಕೆಂದು ತೆಂಗಿನ ತೋಟಗಳಲ್ಲಿ ಮಂದೆ ನಿಲ್ಲಿಸುವವನು. ತನ್ನದೂ ಒಂದು ಚೂರು ತೋಟ ಮಾಡಿಕೊಂಡಿದ್ದಾನೆ. ಹಿಂದೆಲ್ಲ ಕಂಡರೆ ಓಡಿಬಂದು ಮಾತಾಡಿಸುತ್ತಿದ್ದವನು ಅವತ್ತು ಮುಖ ತಿರುಗಿಸಿದ. ನಾನೇ ಹೋಗಿ ಕೇಳಿದೆ.

"ಅಲ್ಲ ಕಣಕ್ಕ, ಡಬ್ಬಿ ತೋರ್ಸಿದ್ರೆ ನಂಗೆ ತಿಳೀತಿರ್ಲಿಲ್ವಾ? ಮಕದ ಮ್ಯಾಲೆ ಹೊಡ್ದಂಗೆ ತಿರಸ್ಕಾರ ಅಂದ್ಬುಟ್ಯಲ್ಲ" ಎಂದ.

"ಅದು ನಾನಲ್ಲ ಕಣಪ್ಪ, ಮಿಷನ್ನು!"

"ನಂಗೇಳ್ತೀಯಾ? ಕತ್ಲಲ್ಲಿ ಕುರಿ ಕೂಗುದ್ರೆ ಯಾವ ಕುರಿ ಅಂತ ಹೇಳೋನು ನಾನು. ನಿನ್ ದನಿ ತಿಳೀದಾ?" ಎಂದು ಬಸ್ಸು ಹತ್ತಿಹೋದ.

ತಿರಸ್ಕಾರ! ನಾನು ಓದಲೊಲ್ಲೆ ಎಂದು ಬಿಟ್ಟ ಹಾಳೆ ಅದು. ನಾನು ಜನ್ಮದಲ್ಲಿ ಆಡದ ಮಾತನ್ನು ನನ್ನ ಗಂಟಲಿನಲ್ಲೇ ಹೊಸೆದು, ಅರಳಗುಪ್ಪೆಗೂ ಹುಳಿಯಾರಿಗೂ ಮನೆಮನೆಗೆ ಫೋನು ಮಾಡಿ ಹೇಳುತ್ತಿದ್ದಾರೆ. ನಾನು ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿರುವಾಗ, ಆಚೆ ಯಾರದೋ ಕಿವಿಯಲ್ಲಿ ನಾನು 'ಸಾಧ್ಯವಿಲ್ಲ' ಎನ್ನುತ್ತಿದ್ದೇನೆ! ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಿದ್ದರು. ತುರುವೇಕೆರೆಯ ನನ್ನ ತಂಗಿಗೆ ಹೇಳೋಣವೆಂದು ಫೋನು ಮಾಡಿದರೆ ಅವಳು ಮಾತಾಡದೆ ಕಟ್ ಮಾಡಿದಳು. ಆಮೇಲೆ ಸಿಕ್ಕಾಗ, "ನಿನ್ ದನಿ ಕೇಳಿದ್ರೆ ಕೈ ತಾನೇ ಕಟ್ ಮಾಡುತ್ತೆ ಕಣೇ, ಸಂಘದ್ದು ಅಂತ" ಅಂದಳು. ಅವತ್ತಿನಿಂದ ನಾನು ಯಾರಿಗೆ ಫೋನು ಮಾಡಿದರೂ ಮೊದಲು ಕೆಮ್ಮುತ್ತೇನೆ. ಮಿಷನ್ನಿಗೆ ಇನ್ನೂ ಕೆಮ್ಮು ಹತ್ತಿಲ್ಲ.

ಈಗ ಗೌರಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದಕ್ಕೇ.

ಗೌರಿಯನ್ನು ಅರಳಗುಪ್ಪೆಗೆ ಕೊಟ್ಟಿದ್ದರು. ಎಲ್ಲಿಗೆ ಕೊಟ್ಟರೇನು, ಪ್ರತಿ ಗೌರಿ ಹಬ್ಬಕ್ಕೂ ಮೊರದ ಬಾಗಿನ ಹಿಡಿದು ನಮ್ಮ ಮನೆಗೆ ಬಂದೇ ಬರುವಳು. ಈ ಸಲ ಬರಲಿಲ್ಲ. ನಾನು ಅವಳಿಗೆಂದು ಕಟ್ಟಿದ್ದ ಬಾಗಿನ ನಡುಮನೆಯಲ್ಲಿ ಹಾಗೇ ಕೂತಿತ್ತು. ಫೋನು ಮಾಡಿದರೆ ಕಟ್. ಕೆಮ್ಮಿದರೂ ಕಟ್. ಮಾರನೆಯ ದಿನ ಅವಳ ಸೊಸೆ ಸುಧಾ ಫೋನು ಎತ್ತಿದಳು.

"ಸರೋಜತ್ತೆ, ನೀವಾ? ಮಿಷನ್ನಾ?"

ನಾನು ಕೆಮ್ಮಿದೆ.

"ಹೂಂ, ನೀವೇ" ಅಂದವಳು ದನಿ ತಗ್ಗಿಸಿದಳು. "ತೆಪ್ಪು ತಿಳ್ಕಬ್ಯಾಡಿ ಅತ್ತೆ. ನಮ್ ಕೊಬ್ಬರಿ ಹಸಿ ಅಂತ ಸಂಘದಿಂದ ಫೋನ್ ಬಂತಲ್ಲ, ಅವತ್ತು ನಮ್ಮತ್ತೆ ಫೋನ್ ಇಸ್ಕಂಡು ಒಳಗೋಗಿ ಬಾಗ್ಲಾಕ್ಕಂಡ್ರು. ಬಾಳ ಹೊತ್ತು ನಿಮ್ ಜೊತೆ ಮಾತಾಡುದ್ರು. ಅಳೋದು ಆಚೆಗೇ ಕೇಳ್ತಿತ್ತು. ಬಾಗ್ಲು ತಗುದ್ಮೇಲೆ, ಸರೋಜಂಗೆ ನಾನು ಬ್ಯಾಡವಾದೆ ಅಂದ್ರು, ಅಷ್ಟೇಯ. ಮದ್ಲು ನಾವೂ ನೀವೇ ಅನ್ಕಂಡಿದ್ವಿ. ಆಮೇಲೆ ಅಕ್ಕಪಕ್ಕದೋರು ಮಿಷನ್ನು ಅಂದ್ರು. ನಾನು ಹೇಳುದ್ರೆ ನಮ್ಮತ್ತೆ ನಂಬ್ತಾ ಇಲ್ಲ."

"ಏನು ಮಾತಾಡಿದ್ಲು ಸುಧಾ?"

"ನಮಗೆ ಹೇಳ್ತಾ ಇಲ್ಲ ಅತ್ತೆ. ಸರೋಜಂಗೆ ಹೇಳಾಯ್ತು, ಇನ್ಯಾರ ಮುಂದೂ ಬಾಯಿ ಬಿಡಲ್ಲ ಅಂತಾರೆ. ಊಟ ಸೇರ್ತಾ ಇಲ್ಲ. ನಿಮಗಾದ್ರೂ ಅಂದಾಜಿದ್ಯಾ, ಏನದು?"

ಗೌರಿ ಯಾರಿಗೂ ಹೇಳದ ಒಂದು ಮಾತನ್ನು ನನಗೆ ಹೇಳಿದ್ದಾಳೆ. ಅದು ನನಗೆ ಗೊತ್ತಿಲ್ಲ. ನನ್ನ ದನಿಗೆ ಗೊತ್ತಿದೆ!

ಫೋನಿಟ್ಟ ಮೇಲೆ ಇನ್ನೊಂದು ಹೊಳೆಯಿತು. ಗೌರಿಯ ಕೊಬ್ಬರಿ ಎಂದಾದರೂ ಹಸಿಯಾಗಿತ್ತೇ? ಅಷ್ಟು ವರ್ಷದಲ್ಲಿ ಅವಳ ಮನೆಯ ಮಾದರಿಗೆ ನಾನು ಡಬ್ಬಿ ಮುಟ್ಟಿದವಳಲ್ಲ. ಮಳೆಗಾಲ ಪೂರ್ತಿ ಅಟ್ಟದ ಕೆಳಗೆ ತಾನೇ ಹೊಗೆ ಹಾಕುವಳು, ಸೊಸೆಯರನ್ನೂ ನಂಬುವವಳಲ್ಲ. ಗೌರಿಯ ಕೊಬ್ಬರಿ ಹಸಿ ಎಂದರೆ ಗೌರಿಗೆ ಏನೋ ಆಗಿದೆ ಎಂದೇ ಅರ್ಥ. ನಾನು ಆ ಕಿಟಕಿಯಲ್ಲಿ ಇದ್ದಿದ್ದರೆ ಕೊಬ್ಬರಿಯ ಮಾತೇ ಆಡದೆ, "ಯಾಕೆ ಗೌರಿ, ಮೈ ನೆಟ್ಟಗಿದ್ಯೇನೇ?" ಎಂದು ಕೇಳಿರುತ್ತಿದ್ದೆ. ಮಿಷನ್ನಿಗೆ ಕೊಬ್ಬರಿ ಹಸಿಯಾದದ್ದು ಗೊತ್ತಾಯಿತೇ ಹೊರತು, ಅದು ಯಾರ ಮನೆಯ ಕೊಬ್ಬರಿ ಎಂಬುದು ತಟ್ಟಲಿಲ್ಲ.

ಸೀದಾ ಸಂಘಕ್ಕೆ ಹೋದೆ. ಒಳಗೆ ಎಂಥ ನಿಶ್ಶಬ್ದವೆಂದರೆ ನನ್ನ ಚಪ್ಪಲಿ ಸದ್ದಿಗೆ ನನಗೇ ನಾಚಿಕೆಯಾಯಿತು. ಕೆಲಸದವರೆಲ್ಲ ಕಿವಿಗೆ ಏನೋ ಸಿಕ್ಕಿಸಿಕೊಂಡು ಪರದೆ ನೋಡುತ್ತಿದ್ದರು. ಕಾರ್ಯದರ್ಶಿ ಒಳ್ಳೆಯವರೇ, ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ಬಂದ ವಿಷಯ ಹೇಳಿದೆ. ನನ್ನ ದನಿ ನನಗೆ ವಾಪಸ್ಸು ಕೊಡಿ ಎಂದೆ. ಕೇಳುವಾಗಲೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು.

"ಅದು ನಮ್ಮ ಕೈಲಿ ಇಲ್ಲ ಮೇಡಂ. ಅದು ಈಗ ಕಂಪನಿದು, ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ" ಅಂದರು. ಆಮೇಲೆ ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ನಿಮ್ಮ ವಾಯ್ಸ್ ಹಾಕಿದ ಮೇಲೆ ತಕರಾರೇ ಕಡಿಮೆ ಆಗಿದೆ. ಸರೋಜಕ್ಕನೇ ಹೇಳಿದ ಮೇಲೆ ಮುಗೀತು ಅಂತ ಜನ ಸುಮ್ಮನಾಗ್ತಾರೆ" ಎಂದರು. ಅವರು ಅದನ್ನು ಹೊಗಳಿಕೆಯೆಂದೇ ಹೇಳಿದ್ದು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು.

"ಅರಳಗುಪ್ಪೆ ಗೌರಮ್ಮನ ಫೋನು?" ಎಂದೆ.

ಅವರು ಪರದೆಯಲ್ಲಿ ಬೆರಳಾಡಿಸಿದರು. "ಇದೆ ನೋಡಿ. ಅಹವಾಲು ವಿಭಾಗದಲ್ಲಿ ಬಂದಿದೆ, ಉದ್ದ ಇದೆ. ಯಾರೂ ಕೇಳಿಲ್ಲ, ಕೇಳೋಕೆ ಯಾರಿಗೆ ಪುರಸೊತ್ತು? ಕೊಬ್ಬರಿ ವಿಷಯ ಅಲ್ಲದ್ದು ಅಂತ ಸಿಸ್ಟಮ್ಮೇ ಪಕ್ಕಕ್ಕಿಟ್ಟಿದೆ, ಅಳಿಸೋದೂ ಕಂಪನಿಯವರ ಕೈಲೇ." ಹೀಗೆಂದವರು ಕಿವಿಗೆ ಹಾಕಿಕೊಳ್ಳುವ ಆ ವೈರನ್ನು ನನ್ನ ಕಡೆ ನೀಡಿದರು. "ನಿಮ್ಮ ಫ್ರೆಂಡು ತಾನೆ? ಬೇಕಾದ್ರೆ ಕೇಳಿ ಮೇಡಂ, ಹಾಕ್ತೀನಿ."

ಸುಳ್ಳೇಕೆ ಹೇಳಲಿ, ನನ್ನ ಕೈ ಮುಂದೆ ಹೋಯಿತು. ಒಂದು ಗುಂಡಿ ಒತ್ತಿದರೆ ಗೌರಿಗೆ ಏನಾಗಿದೆಯೆಂದು ತಿಳಿಯುತ್ತದೆ. ಸುಧಾಳಿಗೆ ದಾರಿ ತೋರಿಸಬಹುದು, ಆಸ್ಪತ್ರೆಯ ವಿಷಯವಾದರೆ ಓಡಬಹುದು. ಆದರೆ ಬಾಗಿಲು ಹಾಕಿಕೊಂಡು ಅತ್ತವಳ ಮಾತನ್ನು, ಮೇಜುಗಳ ನಡುವೆ ಕೂತು ವೈರಿನಲ್ಲಿ ಕೇಳುವುದೇ? ಅವಳು ನನಗೆ ಹೇಳಿದ್ದು ನಿಜ. ಆದರೆ ನನ್ನ ಎದುರು ಹೇಳಿರಲಿಲ್ಲ. ನನ್ನ ಕೈ ಹಿಂದಕ್ಕೆ ಬಂದು ಬ್ಯಾಗಿಗೆ ಇಳಿಯಿತು. ಡಬ್ಬಿ ತೆಗೆದು, ಕಾರ್ಯದರ್ಶಿಯ ಅಂಗೈಯಲ್ಲಿ ಒಂದು ಹರಳು ಕಲ್ಲುಸಕ್ಕರೆ ಇಟ್ಟೆ.

ಅವರು ಬಾಯಿಗೆ ಹಾಕಿಕೊಂಡು, "ಏನ್ ವಿಶೇಷ ಮೇಡಂ? ಮೊಮ್ಮಗುವಾ?" ಎಂದರು.

ಹಳಬರು ಒಬ್ಬರಾದರೂ ಅಲ್ಲಿದ್ದಿದ್ದರೆ ನಾನು ಏನೆಂದೆ ಎಂದು ಗೊತ್ತಾಗುತ್ತಿತ್ತು. ಆ ಆಫೀಸಿನಲ್ಲಿ ಅದನ್ನು ಓದಬಲ್ಲವರು ಯಾರೂ ಉಳಿದಿಲ್ಲವೆಂದು ಅವತ್ತು ತಿಳಿಯಿತು.

ಅರಳಗುಪ್ಪೆಗೆ ಸಿಕ್ಕಿದ ಬಸ್ಸು ಹತ್ತಿದೆ. ಗೌರಿಯ ಮನೆ ಊರಾಚೆ, ತೋಟದೊಳಗೆ. ಗೇಟಿನ ಹತ್ತಿರ ಹೋದವಳಿಗೆ ತಟಕ್ಕನೆ ಭಯವಾಯಿತು. ಬಾಗಿಲು ಬಡಿಯುವುದೇ, ಕರೆಯುವುದೇ? ಕರೆದರೆ ಅದೇ ದನಿ ತಾನೇ ಹೊರಡುವುದು? ಕೊನೆಗೆ ಬಾಲ್ಯದಲ್ಲಿ ಬೇಲಿಯ ಬಳಿ ನಿಂತ ಹಾಗೆ ನಿಂತು, "ಗೌರೀ" ಎಂದು ಕೂಗಿದೆ. ಮರಗಳ ನಡುವೆ ನನ್ನ ಕೂಗು ಹೋಗಿದ್ದು ನನಗೇ ಕೇಳಿಸಿತು. ಯಾರೂ ಓಗೊಡಲಿಲ್ಲ. "ಲೇ ಗೌರೀ" ಎಂದೆ. ಅದಕ್ಕೂ ಸದ್ದಿಲ್ಲ. ಈ ಸಲ ಕೆಮ್ಮು ನಿಜವಾಗಿಯೇ ಬಂತು. ಒಡೆದ ದನಿಯಲ್ಲಿ ಮತ್ತೊಮ್ಮೆ ಕರೆದೆ.

ಕೊಟ್ಟಿಗೆಯ ಕಡೆಯಿಂದ "ಓ" ಎಂದು ಕೇಳಿಸಿತು.

ಗೌರಿ ಬಂದು ಗೇಟಿನ ಆ ಕಡೆ ನಿಂತಳು, ತೆಗೆಯಲಿಲ್ಲ. ಇಳಿದುಹೋಗಿದ್ದಳು. ರವಿಕೆಯ ತೋಳು ಜೋತಾಡುತ್ತಿತ್ತು. ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಮಾತು ಅಲ್ಲಿಂದಲೇ ಬರುತ್ತದೆಯೋ ಬೇರೆ ಎಲ್ಲಿಂದಲೋ ಎಂದು ಪರೀಕ್ಷೆ ಮಾಡುವ ಹಾಗೆ.

"ಅದು ನಾನಲ್ಲ ಗೌರಿ. ನನ್ ದನಿ ಹಿಡ್ಕಂಡು ಮಿಷನ್ನು ಮಾಡವ್ರೆ. ನಿನ್ ಫೋನು ನನಗೆ ಬರ್ಲೇ ಇಲ್ಲ."

"ಸುಧಾನೂ ಅದೇ ಅಂತಾಳೆ" ಎಂದಳು ಗೌರಿ. "ನೀನು, ನಮಸ್ಕಾರ ಗೌರಮ್ಮನವರೇ ಅಂದೆ. ಪಕ್ಕದಲ್ಲಿ ಸಾಹೇಬ್ರು ಕೂತವ್ರೆ, ಅದುಕ್ಕೇ ಬಿಗಿಯಾಗಿ ಮಾತಾಡ್ತಾಳೆ, ರಿಟೈರಾದ್ರೂ ಕರುಸ್ಕಂಡವ್ರೆ ಅಂದ್ಕಂಡೆ. ನಿಮ್ಮ ಅಹವಾಲು ಹೇಳಿ ಅಂದೆ, ನಾನು ಹೇಳ್ದೆ. ಅರ್ಥ ಆಗ್ಲಿಲ್ಲ, ಮತ್ತೊಮ್ಮೆ ಹೇಳಿ ಅಂದೆ. ಒಂದ್ಸಲ ಹೇಳಾಕೇ ಬಾಯಿ ಬರದಿರೋ ಮಾತು ಕಣೇ ಅದು. ಮತ್ತೂ ಹೇಳ್ದೆ. ಇನ್ನೊಂದ್ಸಲ ಹೇಳಿ ಅಂದೆ. ಅದ್ನೂ ಹೇಳ್ದೆ. ಆಮ್ಯಾಲೆ, ತಿರಸ್ಕರಿಸಲಾಗಿದೆ ಅಂದೆ."

ನಾನು ಗೇಟಿನ ಕಂಬಿ ಹಿಡಿದುಕೊಂಡೆ. ನನ್ನ ಗೆಳತಿಯನ್ನು ನನ್ನ ದನಿಯೇ ಮತ್ತೆ ಮತ್ತೆ ಬಾಯಿ ಬಿಡಿಸಿ, ಕೊನೆಗೆ ಹೀಗೆಂದಿತಲ್ಲ ದೇವರೇ! ಮುಚ್ಚಿಡಬಾರದೆಂದು ಉಳಿದದ್ದನ್ನೂ ಹೇಳಿದೆ. ಅವಳು ಆಡಿದ್ದೆಲ್ಲ ಸಂಘದಲ್ಲಿ ಹಾಗೇ ಕೂತಿದೆ, ಅಳಿಸುವುದು ಕಂಪನಿಯವರ ಕೈಯಲ್ಲಿದೆಯಂತೆ, ಇವತ್ತು ನನಗೇ ಕೇಳಿಸುತ್ತೇನೆಂದರು, ಎಂದೆ. ಗೌರಿಯ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಕೇಳಿದ್ಯಾ?" ಎಂದಳು.

"ಇಲ್ಲ" ಎಂದೆ.

ಹುಟ್ಟಿದಾಗಿನಿಂದ ಯಾರ ಮುಖಕ್ಕೂ ಬಿಡಿಯಾಗಿ ಆಡದ ಮಾತು, ಹಾಗೆ ಬೋಳಾಗಿ, ಹಿಂದೆ ಮುಂದೆ ಏನೂ ಇಲ್ಲದೆ ಬಾಯಿಂದ ಬಿತ್ತು. ಗೌರಿ ಬೆಚ್ಚಿದಳು. ಅಜ್ಜಿಯ ಮನೆಯಲ್ಲಿ ನನ್ನ ಜೊತೆಯಲ್ಲೇ ಬೆಳೆದವಳು ಅವಳು, ಆ ಮಾತು ನನ್ನ ಬಾಯಲ್ಲಿ ಎಷ್ಟು ಭಾರವೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಗೇಟಿನ ಅಗುಳಿ ಸರಿಸಿದಳು.

"ಬಾ ಒಳಿಕ್ಕೆ" ಎಂದಳು. "ಮಿಷನ್ನು ಮದ್ಲು ಕೇಳ್ತು, ಏನ್ಮಾಡಾದು. ಈಗ ನೀನು ಕೇಳು. ಮತ್ತೊಮ್ಮೆ ಹೇಳಿ ಅಂತ ಮಾತ್ರ ಅಂದೀಯ!"

ಕೊಟ್ಟಿಗೆಯ ಜಗಲಿಯ ಮೇಲೆ, ಹೊಗೆಯಾರಿದ ಅಟ್ಟದ ಕೆಳಗೆ, ನನ್ನ ಕೈ ಹಿಡಿದುಕೊಂಡು ಗೌರಿ ಹೇಳಿದಳು. ಒಂದೇ ಸಲ ಹೇಳಿದಳು. ನನಗೆ ಅರ್ಥವಾಯಿತು. ಅದಕ್ಕೇನು ಮಾಡಬೇಕೋ ಅದನ್ನು ಸುಧಾಳೂ ನಾನೂ ಮಾಡುತ್ತಿದ್ದೇವೆ.

ಅವಳು ಹೇಳಿದ್ದೇನೆಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಇಷ್ಟು ದೂರ ನನ್ನ ಜೊತೆ ಬಂದವರು, ಕೇಳದೆ ಇರುತ್ತೀರಾ? ಎಲ್ಲಿ, ಹೀಗೆ ಸ್ವಲ್ಪ ಕೈ ನೀಡಿ. ಇರುವೆ ಊದಿದ್ದೇನೆ, ಚೊಕ್ಕಟವಾಗಿದೆ.